ಬೆರಳು ಸೋತ ಮೇಲೆ ಬಾಯಲ್ಲಿ ಬರೆದ ಅರ್ಜಿಗಳು

ಈ ಬರಹದಲ್ಲಿ ಒಂದಕ್ಷರವನ್ನೂ ನಾನು ಕೈಯಲ್ಲಿ ಬರೆದಿಲ್ಲ. ಅಡುಗೆಮನೆಯ ಕಿಟಕಿ ಪಕ್ಕ ಅಕ್ಕಿ ಡಬ್ಬಿಗೆ ಫೋನು ಒರಗಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ನಡುವೆ ಹಾಲಿನವನು ಬಂದು ಹೋದ. ಅವನ ಜೊತೆ ಆಡಿದ ಜಗಳವನ್ನೂ ಅದು ಶ್ರದ್ಧೆಯಿಂದ ಬರೆದುಕೊಂಡಿತ್ತು. ಅಳಿಸಿದ್ದೇನೆ. ಮುಂದೆ ಎಲ್ಲಾದರೂ ಹಾಲು ನೀರಾಗಿದೆ ಎಂಬ ದೂರು ಕಣ್ಣಿಗೆ ಬಿದ್ದರೆ ಅದು ನಿಮ್ಮನ್ನು ಕುರಿತದ್ದಲ್ಲ.

ನನ್ನ ಹೆಸರು ಜೈಬುನ್ನೀಸಾ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಟ್ಟವಳು. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಹೊಳಲ್ಕೆರೆಯವರು ಅದು ಹೊಸದುರ್ಗ ಅಂದುಕೊಳ್ಳಲಿ, ಹೊಸದುರ್ಗದವರು ಹಿರಿಯೂರು ಅಂದುಕೊಳ್ಳಲಿ. ನಮ್ಮ ಜಿಲ್ಲೆಯ ಕಚೇರಿಗಳೂ ಮರಗಳೂ ಹೆಚ್ಚುಕಡಿಮೆ ಒಂದೇ. ಹೋದ ವಾರ ಈ ಕಸುಬಿಗೆ ಹೊಸದಾಗಿ ಬಂದ ಇಬ್ಬರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಒಬ್ಬಳು ಡಿಗ್ರಿ ಮುಗಿಸಿದ ಹುಡುಗಿ, ಇನ್ನೊಬ್ಬ ಅವಳ ಚಿಕ್ಕಪ್ಪನ ಮಗ. ಲ್ಯಾಪ್‌ಟಾಪು, ಸಣ್ಣ ಪ್ರಿಂಟರು ಎಲ್ಲ ಇದೆ. ಅನುಭವ ಬರೆದುಕೊಡಿ ಅಕ್ಕಾ ಎಂದು ಕೇಳಿದರು. ಅವರಿಗಾಗಿ ಇದು.

ಬಡ್ತಿ ಎಷ್ಟು ಸಿಕ್ಕಿತು ಎಂದೂ ಆ ಹುಡುಗ ಕೇಳಿದ. ನಮ್ಮ ಕಸುಬಿನಲ್ಲಿ ಮರದ ಬಿಸಿಲ ಕಡೆಯಿಂದ ನೆರಳ ಕಡೆಗೆ ಸರಿದರೆ ಅದೇ ಬಡ್ತಿ. ನನಗೆ ಅದು ಸಿಗುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಮರದ ನೆರಳಿನಲ್ಲಿ ಎರಡು ಚಪ್ಪಡಿ ಕಲ್ಲುಗಳಿದ್ದವು. ಒಂದರ ಮೇಲೆ ತಿಪ್ಪೇಸ್ವಾಮಿ, ಮಸಿ ಪೆನ್ನಿನಿಂದ ಮುತ್ತು ಪೋಣಿಸಿದಂತೆ ಬರೆಯುವವರು. ಇನ್ನೊಂದರ ಮೇಲೆ ನಾನು, ನನ್ನ ಮುಂದೆ ಒಂದು ಕನ್ನಡ ಟೈಪ್‌ರೈಟರು. ಆ ಕಲ್ಲುಗಳಿಗೆ ಒಂದು ಕಾನೂನಿತ್ತು, ಯಾವ ಪುಸ್ತಕದಲ್ಲೂ ಬರೆಯದ್ದು: ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆವರೆಗೆ ಕಲ್ಲು ಖಾಲಿ ಬಿದ್ದಿದ್ದರೆ, ಆಮೇಲೆ ಯಾರು ಮೊದಲು ಕೂರುತ್ತಾರೋ ಅವರದು. ಜ್ವರ ಬಂದರೂ ಹೆರಿಗೆಯಾದರೂ ಇದೇ ಕಾನೂನು. ನಾನು ಎರಡು ಹೆರಿಗೆಯನ್ನೂ ಅದರೊಳಗೇ ಮುಗಿಸಿಕೊಂಡು ಬಂದವಳು.

ಕಸುಬು ನನಗೆ ಬಂದದ್ದು ಅಪ್ಪನಿಂದ. ನಮ್ಮದು ದುರ್ಗದ ಕೋಟೆ ಕೆಳಗಿನ ಹಳೇ ಮನೆತನ. ಹಿಂದಿನವರು ಕುದುರೆ ಜೀನು ಹೊಲಿಯುತ್ತಿದ್ದರಂತೆ. ಕುದುರೆಗಳು ಹೋದ ಮೇಲೆ ಸೂಜಿ ಬಿಟ್ಟು ಪೆನ್ನು ಹಿಡಿದ ಮೊದಲನೆಯವರು ಅಪ್ಪ. ಅವರು ನನಗೆ ಹೇಳಿಕೊಟ್ಟದ್ದು ಮೂರೇ. ಬಂದವರು ಹೇಳುವುದನ್ನು ಪೂರ್ತಿ ಕೇಳು. ಬರೆದದ್ದನ್ನು ಅವರ ಕಿವಿಯಲ್ಲಿ ಓದಿ ಹೇಳು, ಅವರು ಹೌದು ಅಂದ ಮೇಲೇ ಹೆಬ್ಬೆಟ್ಟು ಒತ್ತಿಸು. ಕೇಳಿದ್ದನ್ನು ಅಲ್ಲೇ ಬಿಟ್ಟು ಮನೆಗೆ ಬಾ. ಕಿವಿಯಲ್ಲಿ ಎಂದರೆ ಕಿವಿಯಲ್ಲೇ. ಅಪ್ಪ ಪಕ್ಕಕ್ಕೆ ವಾಲಿ, ಕಾಗದ ಅಡ್ಡ ಹಿಡಿದು ಓದುತ್ತಿದ್ದರೆ ಒಂದು ಮೊಳ ದೂರದಲ್ಲಿ ಕೂತ ನನಗೂ ಕೇಳಿಸುತ್ತಿರಲಿಲ್ಲ. ಅರ್ಜಿ ಬರೆಸಲು ಬರುವವರು ಬಟ್ಟೆ ಬಿಚ್ಚಿ ಡಾಕ್ಟರಿಗೆ ಗಾಯ ತೋರಿಸುವವರಿದ್ದಂತೆ, ಪರದೆ ಬೇಕು ಮಗಳೇ, ಅನ್ನುತ್ತಿದ್ದರು.

ಮೊದಲ ವರ್ಷದ ತಪ್ಪುಗಳನ್ನು ಹೇಳಹೊರಟರೆ ಈ ಫೋನೇ ಸುಸ್ತಾದೀತು. ಒಂದು ಸಾಕು. ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯನ್ನು ಮೂರು ಪ್ರತಿ ಮಾಡಬೇಕಿತ್ತು. ಕಾರ್ಬನ್ ಹಾಳೆಗಳನ್ನು ತಿರುವುಮುರುವು ಹಾಕಿ ಟೈಪು ಮಾಡಿದೆ. ಎರಡನೆಯ ಹಾಳೆ ಖಾಲಿ, ಮೊದಲನೆಯದರ ಬೆನ್ನ ಮೇಲೆ ಎಲ್ಲ ಉಲ್ಟಾ ಅಕ್ಷರ. ಕಚೇರಿ ಮುಚ್ಚುವ ಹೊತ್ತಾಗಿತ್ತೆಂದು ನೋಡದೆ ಒಳಗೆ ಕೊಟ್ಟುಬಿಟ್ಟೆ. ಶಿರಸ್ತೇದಾರರು ನನ್ನನ್ನು ಕರೆಸಿ, ಗೋಡೆಯ ಕನ್ನಡಿಗೆ ಅದನ್ನು ಹಿಡಿದು ಇಡೀ ಕಚೇರಿಗೆ ಓದಿ ಹೇಳಿದರು. ಅಜ್ಜಿಗೆ ಪಿಂಚಣಿ ಬಂತು. ನನಗೆ ಕನ್ನಡಿ ಟೈಪಿಸ್ಟ್ ಎಂಬ ಹೆಸರು ಬಂತು. ಅದು ಹೋಗಲು ಆ ಶಿರಸ್ತೇದಾರರೇ ವರ್ಗವಾಗಿ ಹೋಗಬೇಕಾಯಿತು.

ನನಗೆ ಪಾಠ ಹೇಳಿದ ಅಧಿಕಾರಿ ಎಂದರೆ ಒಬ್ಬ ಮುಂಗೋಪಿ ತಹಶೀಲ್ದಾರರು. ನಮ್ಮ ಅರ್ಜಿಗಳೆಲ್ಲ ತಾತನ ಕಾಲದಿಂದ ಶುರುವಾಗುತ್ತಿದ್ದವು. ತಾತನಿಗೆ ಇಬ್ಬರು ಹೆಂಡಿರು, ಹಿರಿಯವಳಿಗೆ ಮಕ್ಕಳಿಲ್ಲ, ಹೀಗೆ ನಡೆದು ನಡೆದು ಎರಡನೆಯ ಪುಟದ ಕೊನೆಯಲ್ಲಿ, ಆದ್ದರಿಂದ ಬೋರ್‌ವೆಲ್ ರಿಪೇರಿ ಮಾಡಿಸಿಕೊಡಬೇಕು ಎಂದು ಮುಗಿಯುತ್ತಿದ್ದವು. ಒಂದು ದಿನ ಅವರು ನನ್ನ ಅರ್ಜಿಯನ್ನು ತಲೆಕೆಳಗಾಗಿ ತಿರುಗಿಸಿ ಮೇಜಿನ ಮೇಲಿಟ್ಟು, ಕೊನೆ ಸಾಲು ಮೊದಲು ಬರಿಯಮ್ಮ, ತಾತನ್ನ ಆಮೇಲೆ ಕರಕೊಂಡು ಬಾ, ಎಂದರು. ಅವತ್ತು ಸಿಟ್ಟು ಬಂದಿತ್ತು. ಮುಂದೆ ಅದೇ ನನ್ನ ಕಸುಬನ್ನು ಉಳಿಸಿತು.

ಐವತ್ತು ದಾಟಿದ ಮೇಲೆ ಬೆರಳುಗಳು ಬಾಗತೊಡಗಿದವು. ಸಂಧಿವಾತ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿಕೊಂಡು ಒಂದೊಂದೇ ಬೆರಳನ್ನು ಬುದ್ಧಿ ಹೇಳಿ ಎಬ್ಬಿಸಬೇಕಿತ್ತು. ಹತ್ತು ಬೆರಳಿನ ಟೈಪಿಂಗು ಆರಾಯಿತು, ನಾಲ್ಕಾಯಿತು. ಸಾಲು ಮುಗಿದಾಗ ಟೈಪ್‌ರೈಟರಿನ ಗಾಡಿ ಸರಿಸುವ ಸನ್ನೆಯನ್ನು ಮೊಣಕೈಯಿಂದ ತಳ್ಳುವುದನ್ನು ಕಲಿತೆ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಮೆಷಿನ್ನಿಗೆ ಎಣ್ಣೆ ಬೇಕು ಎಂದು ಜನರಿಗೆ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ತಮ್ಮ ಕಲ್ಲಿನಿಂದಲೇ, "ಜೈಬಕ್ಕ, ನೀವು ಹೇಳ್ರಿ, ನಾ ಬರಿತೀನಿ. ಇಬ್ರಿಗೂ ಹೊತ್ತು ಹೋಗ್ತೈತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅರ್ಜಿ ಬರೆಯದೆ ಆ ಕಲ್ಲಿನ ಮೇಲೆ ಕೂತರೆ ನಾನು ಯಾರು ಎಂಬುದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಬೇಕಾದೀತು ಎಂಬ ಭಯ.

ಅರ್ಜಿ ಬರೆಸಲು ಬಂದ ಕಣ್ಣಿದ್ದವರಿಂದೆಲ್ಲ ಮುಚ್ಚಿಟ್ಟದ್ದನ್ನು ಕಂಡುಹಿಡಿದವರು ಕಣ್ಣಿಲ್ಲದ ರುದ್ರಪ್ಪ ಮೇಷ್ಟ್ರು. ಸಿರಿಗೆರೆ ಕಡೆಯವರು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ತಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲುವುದಿಲ್ಲ ಎಂಬ ಅರ್ಜಿಗೆ ಬಂದಿದ್ದರು. ನಾನು ಅರ್ಧ ಪುಟ ಮುಗಿಸುವಷ್ಟರಲ್ಲಿ ತಲೆ ಓರೆ ಮಾಡಿ ಕೇಳಿದರು: "ಅಕ್ಕಾ, ನಿಮ್ಮ ಬಲಗೈಯಾಗೆ ಎರಡೇ ಬೆರಳು ಕೆಲಸ ಮಾಡ್ತಾ ಅವೆ, ಅಲ್ವೇನ್ರಿ?"

ಸದ್ದಿನಿಂದ ತಿಳಿಯಿತಂತೆ. ನನಗೆ ಅಳು ಬಂತು, ಆಮೇಲೆ ನಗು ಬಂತು. ಮೇಷ್ಟ್ರು ತಮ್ಮ ಫೋನು ತೆಗೆದು ಅದರೊಂದಿಗೆ ಮಾತಾಡಿದರು. ಆಡಿದ್ದು ಅಕ್ಷರವಾಗಿ ಮೂಡಿತು. ಮೂಡಿದ್ದನ್ನು ಅದು ಅವರಿಗೇ ಓದಿ ಹೇಳಿತು. ಬರೆಯುತ್ತದೆ, ಓದಿ ಹೇಳುತ್ತದೆ. ಅಪ್ಪ ಇದ್ದಿದ್ದರೆ ಇದಕ್ಕೊಂದು ಕಲ್ಲು ಕೊಡಿಸುತ್ತಿದ್ದರು ಎಂದುಕೊಂಡೆ.

ಇದನ್ನು ಕಲಿಯಬೇಕಿತ್ತು, ಆಸ್ಪತ್ರೆಗೂ ಹೋಗಬೇಕಿತ್ತು. ಹಾಗಾಗಿ ಅಮಾವಾಸ್ಯೆ ಕಳೆದ ಮರುದಿನ ದುರ್ಗದಲ್ಲಿ ತಂಗಿಯ ಮನೆಗೆ ಹೋದೆ, ಮುಂದಿನ ಅಮಾವಾಸ್ಯೆಯೊಳಗೆ ಬಂದುಬಿಡುತ್ತೇನೆ ಎಂದು ತಿಪ್ಪೇಸ್ವಾಮಿಗೆ ಹೇಳಿ. ಮೇಷ್ಟ್ರು ದಿನಕ್ಕೊಂದು ಮನೆಪಾಠ ಕೊಡುತ್ತಿದ್ದರು. ನಾನು ಒಂದು ಅರ್ಜಿಯನ್ನು ಬಾಯಲ್ಲಿ ಹೇಳಿ ಬರೆಸಿ ಕಳಿಸಬೇಕು; ಅವರು ಫೋನಿನಿಂದ ಓದಿಸಿಕೊಂಡು ಸಂಜೆ ಕರೆ ಮಾಡಿ ಅಂಕ ಕೊಡುತ್ತಾರೆ. ಮೊದಲ ದಿನ ಹತ್ತಕ್ಕೆ ಎರಡು.

ಕಷ್ಟ ಎಲ್ಲಿತ್ತು ಎಂದು ಹೇಳುತ್ತೇನೆ, ನಿಮಗೂ ಒಂದು ದಿನ ಬೇಕಾದೀತು. ಫೋನು ಒತ್ತುವುದು ಕಷ್ಟವಲ್ಲ. ಅದನ್ನು ಬೆರಳ ಗೆಣ್ಣಿನಿಂದ ಮಾಡಬಹುದು. ಕಷ್ಟವಿದ್ದದ್ದು ನನ್ನೊಳಗೆ. ಇಷ್ಟು ವರ್ಷ ನಾನು ಯೋಚಿಸುತ್ತಿದ್ದದ್ದು ಬೆರಳುಗಳಿಂದ. ವಿಷಯ ಕೇಳಿದ ಕೂಡಲೇ ಅವು ಓಡುತ್ತಿದ್ದವು, ವಾಕ್ಯ ಎಲ್ಲಿಗೆ ಹೋಗುತ್ತದೆ ಎಂಬುದು ನನಗಿಂತ ಮೊದಲು ಅವಕ್ಕೆ ಗೊತ್ತಿರುತ್ತಿತ್ತು. ಈಗ ಬಾಯಿ ತೆರೆದರೆ ಮಾನ್ಯರೇ ಎಂಬಲ್ಲಿಗೆ ದಾರಿ ಮುಗಿಯುತ್ತಿತ್ತು. ನಾನು ಯೋಚಿಸುತ್ತಾ ನಿಂತರೆ ಫೋನು ಕಿವಿ ಮುಚ್ಚಿಕೊಳ್ಳುತ್ತಿತ್ತು. ಪೂರ್ಣವಿರಾಮ ಎಂದರೆ ಆ ಪದವನ್ನೇ ಬರೆದಿಡುತ್ತಿತ್ತು. ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಳ್ಳಿ, ಆಮೇಲೆ ಮೈಕು ಒತ್ತಿ, ಹೇಳಿ, ಸುಮ್ಮನಾಗಿ, ಗೆಣ್ಣಿನಿಂದ ಒಂದು ಚುಕ್ಕಿ ಇಡಿ. ಒಂದು ಚುಕ್ಕಿಗೆ ಒಂದು ನೋವು. ಆದ್ದರಿಂದ ಕಡಿಮೆ ವಾಕ್ಯದಲ್ಲಿ ಮುಗಿಸುವುದನ್ನು ಕಲಿತೆ, ಕೊನೆ ಸಾಲನ್ನು ಮೊದಲು ಹೇಳುವುದನ್ನೂ ಕಲಿತೆ.

ತಂಗಿಯ ಮನೆಯಲ್ಲಿ ಕುಕ್ಕರು ಕೂಗುತ್ತಿತ್ತು, ಸಾಲದ್ದಕ್ಕೆ ತಂಗಿ ನಗುತ್ತಿದ್ದಳು. ನಾನು ಬೆಳಿಗ್ಗೆ ಚಂದ್ರವಳ್ಳಿಗೆ ಹೋಗಿ ಬಂಡೆಯ ಮೇಲೆ ಕೂತು ಅಭ್ಯಾಸ ಮಾಡತೊಡಗಿದೆ. ಎದುರಿನ ದೊಡ್ಡ ಬಂಡೆಯೇ ತಹಶೀಲ್ದಾರರು. ಮಾನ್ಯರೇ, ನಮ್ಮ ಗ್ರಾಮಕ್ಕೆ ಕುಡಿಯುವ ನೀರು ಬೇಕು ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ವಾಕಿಂಗ್ ಬರುವವರು ಮೊದಮೊದಲು ನನ್ನನ್ನು ಬಳಸಿ ನಡೆದರು. ನಾಲ್ಕನೆಯ ದಿನ ಮಂಕಿ ಕ್ಯಾಪ್ ಹಾಕಿದ ಯಜಮಾನರೊಬ್ಬರು ನಿಂತು ಪೂರ್ತಿ ಕೇಳಿ, ನಮ್ಮ ಬೀದಿ ಚರಂಡಿದೂ ಒಂದು ಸೇರಿಸಿಬಿಡ್ರಿ ಅಮ್ಮಾ, ಎಂದರು. ಬಾಯಲ್ಲಿ ನಾನು ಬರೆದ ಮೊದಲ ನಿಜವಾದ ಅರ್ಜಿ ಅದೇ. ಅವರ ಕಿವಿಯಲ್ಲಿ ಓದಿ ಹೇಳಿ, ಅವರ ಫೋನಿಗೇ ಕಳಿಸಿದೆ. ಆ ಸಂಜೆ ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟರು. ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಅಷ್ಟು ಕುಣಿದಿರಲಿಲ್ಲ.

ಆ ಸಂತೋಷದಲ್ಲಿ ದಿನ ಲೆಕ್ಕ ತಪ್ಪಿತು. ಔಷಧಿ ಬದಲಾಯಿಸಬೇಕೆಂದು ಡಾಕ್ಟರು ಎರಡು ದಿನ ನಿಲ್ಲಿಸಿಕೊಂಡರು. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಅಮಾವಾಸ್ಯೆ ಮೊನ್ನೆಯೇ ಮುಗಿದಿದೆ. ದಾರಿಯುದ್ದಕ್ಕೂ ನನ್ನ ಕಲ್ಲಿನ ಮೇಲೆ ಯಾರು ಯಾರೋ ಕೂತಂತೆ ಕಾಣುತ್ತಿತ್ತು. ಕಲಿತದ್ದೆಲ್ಲ ಬಂಡೆಗೆ ಹೇಳಿದ ಮಾತಾಯಿತು ಎಂದುಕೊಂಡೆ.

ಹೋಗಿ ನೋಡಿದರೆ ಕಲ್ಲಿನ ಮೇಲೆ ತಿಪ್ಪೇಸ್ವಾಮಿಯವರ ಕಪ್ಪು ಛತ್ರಿ ಮಲಗಿತ್ತು. ತಿಪ್ಪೇಸ್ವಾಮಿ ಯಾವುದೋ ಕಾಗದದಿಂದ ತಲೆ ಎತ್ತಲಿಲ್ಲ. ಇದೇನು ಎಂದೆ. ಕಲ್ಲು ಯಾರದು ಎಂದು ಕೇಳಿಕೊಂಡು ಬಂದವರಿಗೆಲ್ಲ ಈ ಮನುಷ್ಯ ಒಂದೇ ಉತ್ತರ ಹೇಳಿದ್ದಾರೆ, ಮರದ ಪಕ್ಕದ ಟೀ ಅಂಗಡಿಯವನು ಆಮೇಲೆ ನಕ್ಕು ತಿಳಿಸಿದ. "ಅವ್ರು ಊಟಕ್ಕೆ ಹೋಗ್ಯಾರೆ." ಒಂದು ತಿಂಗಳ ಮೇಲೆ ಎರಡು ದಿನದ ಊಟ.

ಮರುದಿನವೇ ಕೆಲಸ ಶುರು ಮಾಡಿದೆ. ಟೈಪ್‌ರೈಟರಿನ ಮುಚ್ಚಳಕ್ಕೆ ಫೋನು ಒರಗಿಸಿದೆ. ಬರೆದದ್ದನ್ನು ಎದುರಿನ ಜೆರಾಕ್ಸ್ ಅಂಗಡಿಗೆ ಕಳಿಸಿದರೆ ಅಲ್ಲಿ ಪ್ರಿಂಟು ಸಿಗುತ್ತದೆ. ಮೊದಲು ಬಂದವಳು ಕರಿಯಮ್ಮ, ಹಟ್ಟಿಯಿಂದ ಬಂದ ಕುರಿಗಾಹಿ ಮನೆಯ ಹಿರಿಯ ಹೆಂಗಸು. ಕೆರೆಗೆ ಕುರಿ ಹೊಡೆದುಕೊಂಡು ಹೋಗುವ ದಾರಿಗೆ ಮೈದುನ ಬೇಲಿ ಹಾಕಿದ್ದಾನೆ, ತೆಗೆಸಬೇಕು. ನಾನು ಪೂರ್ತಿ ಕೇಳಿದೆ, ವಾಕ್ಯ ಕಟ್ಟಿಕೊಂಡೆ, ಮೈಕು ಒತ್ತಿ ಚಂದ್ರವಳ್ಳಿಯ ಅಭ್ಯಾಸಬಲದಲ್ಲಿ ಗಟ್ಟಿಯಾಗಿ ಹೇಳಿದೆ: ನನ್ನ ಮೈದುನ ಚಿತ್ತಯ್ಯ ಹಾಕಿರುವ ಬೇಲಿಯನ್ನು ತೆಗೆಸಿಕೊಡಬೇಕು.

ಮರದ ಆ ಬದಿಯಿಂದ ಒಬ್ಬ ಗಂಡಸು ಎದ್ದು ನಿಂತ. ಅವನೇ ಚಿತ್ತಯ್ಯ. ಅತ್ತಿಗೆಯ ಕುರಿಗಳು ತನ್ನ ಬೇಲಿ ಮುರಿದವು ಎಂದು ತಿಪ್ಪೇಸ್ವಾಮಿಯವರ ಕೈಲಿ ಅರ್ಜಿ ಬರೆಸುತ್ತಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದಾರೆ, ಒಬ್ಬರ ಮುಖ ಒಬ್ಬರು ನೋಡದೆ.

"ಬೇಲಿ ಹಾಕಿದ್ದು ನಾನೇ. ಯಾಕೆ ಹಾಕ್ದೆ ಅಂತ ಬರಿಸ್ಯಾಳಾ ಕೇಳ್ರಿ" ಎಂದ. "ಹಾಳುಬಾವಿಗೆ ಮೂರು ಮರಿ ಬಿದ್ದು ಸತ್ವು. ಅದ್ರಾಗೆ ಎರಡು ಇವಳವೇ."

ಕರಿಯಮ್ಮ ಅವನ ಕಡೆ ತಿರುಗಿದಳು. ಆ ಮರಿಗಳನ್ನು ತೋಳ ಹೊತ್ತೊಯ್ದಿತು ಎಂದೇ ಅವಳು ಅಂದುಕೊಂಡಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನೀನು ಮಾತು ಬಿಟ್ಟಿದ್ಯಲ್ಲ" ಎಂದ ಮೈದುನ.

ಅಲ್ಲಿದ್ದವರೆಲ್ಲ ಪಂಚಾಯ್ತಿಗೆ ಕೂತರು. ಟೀ ಅಂಗಡಿಯವನೂ ಒಂದು ತೀರ್ಪು ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಬಾವಿಯ ಸುತ್ತ ಮಾತ್ರ ಬೇಲಿ, ದಾರಿಗೆ ಒಂದು ತಡಿಕೆ ಬಾಗಿಲು ಎಂದು ತೀರ್ಮಾನವಾಯಿತು. ಎರಡು ಅರ್ಜಿಯೂ ರದ್ದು. ಅವೇ ಒಳಗೆ ಹೋಗಿದ್ದರೆ ಎರಡು ಫೈಲಾಗಿ, ಎರಡು ಮೇಜಿನಲ್ಲಿ, ಮರಿಗಳು ಮುದಿಯಾಗುವವರೆಗೆ ಕೂತಿರುತ್ತಿದ್ದವು. ಅತ್ತಿಗೆ ಮೈದುನ ಒಂದೇ ಸೀಟಿನಲ್ಲಿ ಕೂತು ಊರಿಗೆ ಹೋದರು. ನಾನು ಬೀಗಿದೆ. ಗುಟ್ಟು ಗಿಟ್ಟು ಎಲ್ಲ ಅಪ್ಪನ ಕಾಲದ ಮಾತು, ಹೇಳುವುದನ್ನು ಹತ್ತು ಜನರ ಮುಂದೆ ಹೇಳಿದರೆ ಅರ್ಧ ಅರ್ಜಿಗಳು ಬೇಕಾಗುವುದೇ ಇಲ್ಲ ಎಂದು ತಿಪ್ಪೇಸ್ವಾಮಿಗೆ ಭಾಷಣ ಮಾಡಿದೆ. ಅವರು ಪೆನ್ನಿಗೆ ಮಸಿ ತುಂಬುತ್ತಾ ಹ್ಞೂಂ ಎಂದರು, ಅಷ್ಟೇ.

ನನ್ನ ಬದುಕಿನ ದೊಡ್ಡ ತಪ್ಪು ನಡೆದದ್ದು ಅದರ ಮುಂದಿನ ವಾರ. ಮಂಜುಳ ಎಂಬ ಹೆಣ್ಣುಮಗಳು ಬಂದಳು, ಇಪ್ಪತ್ತೈದರ ಆಸುಪಾಸು. ಗಂಡ ಬಿಟ್ಟುಹೋಗಿ ಮೂರು ವರ್ಷ. ರೇಷನ್ ಕಾರ್ಡು ಅವನ ಹತ್ತಿರವೇ ಇದೆ, ತನಗೂ ಮಗುವಿಗೂ ಬೇರೆ ಕಾರ್ಡು ಬೇಕು. ಇಷ್ಟನ್ನು ಅವಳು ನನ್ನ ಕಿವಿಯ ಹತ್ತಿರ ಬಾಗಿ, ಉಸಿರಿನಲ್ಲಿ ಎಂಬಂತೆ ಹೇಳಿದಳು. ನಾನು ವಾಕ್ಯ ಕಟ್ಟಿಕೊಂಡೆ. ಮೈಕು ಒತ್ತಿದೆ. ಗಂಡ ನನ್ನನ್ನು ಬಿಟ್ಟು ಮೂರು ವರ್ಷವಾಗಿದ್ದು, ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಟೀ ಅಂಗಡಿಯಲ್ಲಿ ಮಾತು ನಿಂತಿತು. ಯಾರೋ ಇಬ್ಬರು ತಿರುಗಿ ನೋಡಿದರು. ಅದರಲ್ಲಿ ಒಬ್ಬರು ಅವಳ ಊರಿನವರೇ ಇರಬೇಕು, ಅವಳು ಮುಖ ತಿರುಗಿಸಿಕೊಂಡಳು. ಮಂಜುಳ ತಟ್ಟನೆ ಎದ್ದಳು. ಕೈಚೀಲ ಎತ್ತಿಕೊಂಡು, ಸೆರಗು ಹೊದ್ದುಕೊಂಡು, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಹೋದಳು. ಅಮ್ಮಾ ಅಮ್ಮಾ ಎಂದು ನಾನು ಕರೆದರೆ ನಡಿಗೆ ಇನ್ನೂ ಜೋರಾಯಿತು. ಫೋನಿನಲ್ಲಿ ಆ ಅರ್ಧ ವಾಕ್ಯ ಚುಕ್ಕಿ ಇಲ್ಲದೆ ಉಳಿದಿತ್ತು, ಅದರ ಹಿಂದೆ ನನ್ನ ಅಮ್ಮಾ ಅಮ್ಮಾ ಕೂಡ.

ಆ ದಿನ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಮೂವತ್ತು ವರ್ಷ ಪರದೆ ಹಿಡಿದ ಕೈ ಸೋತದ್ದಕ್ಕೆ, ಬಾಯಿ ಪರದೆಯನ್ನೇ ಹರಿದುಹಾಕಿತ್ತು. ಹೀಗೆ ಬರೆಯುವುದಾದರೆ ಬರೆಯುವುದೇ ಬೇಡ, ಕಲ್ಲು ಬಿಟ್ಟುಬಿಡುತ್ತೇನೆ ಎಂದು ತಿಪ್ಪೇಸ್ವಾಮಿಗೆ ಹೇಳಿದೆ. ಅವರು ಸಮಾಧಾನ ಮಾಡುವ ಪೈಕಿ ಅಲ್ಲ. "ಬಾಯಿ ಸಣ್ಣದು ಮಾಡಕ್ಕೆ ಆಗಲ್ಲ ಅಂದ್ರೆ ಜಾಗ ದೂರದ್ದು ನೋಡ್ಬೇಕಪ್ಪ" ಎಂದು ಕಚೇರಿಯ ಹಿಂಬದಿಗೆ ಕತ್ತು ತಿರುಗಿಸಿದರು.

ಹಿಂಬದಿಯ ಬೇವಿನ ಮರದ ಕೆಳಗೆ ಕಚೇರಿಯ ಹಳೇ ಜೀಪು ನಿಂತಿತ್ತು. ಹರಾಜಿಗೆ ಕಾಯುತ್ತಾ ಅದಕ್ಕೆ ಎಷ್ಟು ವರ್ಷವಾಗಿತ್ತೋ, ಚಕ್ರಗಳು ಮಣ್ಣಿಗೆ ಇಳಿದಿದ್ದವು. ಕಾವಲುಗಾರನ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು.

ಆ ಜೀಪು ಬೇಕೆಂದು ನನಗಾಗಿ ನಾನೇ ಅರ್ಜಿ ಬರೆಯಬೇಕಾಯಿತು. ಅಷ್ಟು ವರ್ಷದಲ್ಲಿ ನನ್ನ ಹೆಸರಿನ ಅರ್ಜಿ ಅದೇ ಮೊದಲು. ಎಷ್ಟು ಸಲ ಶುರು ಮಾಡಿದರೂ ಜೀನು ಹೊಲಿಯುತ್ತಿದ್ದ ತಾತನಿಂದಲೇ ಶುರುವಾಗುತ್ತಿತ್ತು. ಕೊನೆಗೆ ಕೊನೆ ಸಾಲನ್ನು ಮೊದಲು ಹೇಳಿದೆ. ಹಿಂಬದಿಯ ಹಳೇ ಜೀಪಿನೊಳಗೆ ಕೂತು ಕೆಲಸ ಮಾಡಲು ಅನುಮತಿ ಬೇಕು. ನನ್ನ ಬೆರಳು ಬರೆಯುವುದಿಲ್ಲ. ಬಾಯಲ್ಲಿ ಹೇಳಿದರೆ ಮರದ ಕೆಳಗಿನವರೆಲ್ಲ ಕೇಳುತ್ತಾರೆ. ಕೆಲವರ ಮಾತು ಎಲ್ಲರೂ ಕೇಳುವಂಥದ್ದಲ್ಲ. ನಾಲ್ಕು ಚುಕ್ಕಿಗೆ ಅರ್ಜಿ ಮುಗಿಯಿತು.

ಆಗ ಇದ್ದ ತಹಶೀಲ್ದಾರರು ಹೆಣ್ಣುಮಗಳು. ಎರಡು ಸಲ ಓದಿದರು. ಜೀಪು ಯಾರಿಗೂ ಕೊಡುವ ಅಧಿಕಾರ ತಮಗಿಲ್ಲ ಎಂದರು. ನನ್ನ ಮುಖ ಇಳಿಯಿತು. ಕಾಗದವನ್ನು ನನ್ನ ಕಡೆ ಸರಿಸುತ್ತಾ ಅವರು ಹೇಳಿದ್ದು ಹೀಗೆ: "ಆದ್ರೆ ಅದ್ರೊಳಗೆ ಕೂತಿದ್ದಕ್ಕೆ ಇಲ್ಲೀವರೆಗೆ ನಾನು ಕೋಳಿಗೂ ನೋಟಿಸು ಕೊಟ್ಟಿಲ್ಲ ಅಮ್ಮಾ."

ನಾನೂ ತಿಪ್ಪೇಸ್ವಾಮಿಯೂ ಜೀಪು ತೊಳೆದೆವು. ಕೋಳಿಗಳಿಗೆ ಹಿಂದಿನ ಸೀಟು ಬಿಟ್ಟುಕೊಟ್ಟೆವು. ಹರಿದ ಹುಡ್ಡಿಗೆ ತಿಪ್ಪೇಸ್ವಾಮಿ ಟಾರ್ಪಾಲು ಕಟ್ಟಿದರು. ಫೋನು ಸ್ಟೇರಿಂಗಿಗೆ ಒರಗಿತು. ನಾನು ಡ್ರೈವರ್ ಸೀಟು. ಬಂದವರಿಗೆ ಎಡಗಡೆಯ ಸೀಟು, ಮೊದಲೆಲ್ಲ ಸಾಹೇಬರು ಕೂರುತ್ತಿದ್ದದ್ದು. ಅದರಿಂದ ಏನಾಗುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಮರದ ಕೆಳಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಗೋಗರೆಯುತ್ತಿದ್ದ ಜನ, ಸಾಹೇಬರ ಸೀಟಿನಲ್ಲಿ ಕೂತ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ನನಗೆ ಇಂಥದ್ದು ಬೇಕು ಎಂದು ಹೇಳುತ್ತಿದ್ದರು. ಮುದುಕಿಯರು ಹೋಗುವಾಗ ಒಮ್ಮೆ ಹಾರ್ನು ಒತ್ತಿ ನೋಡುತ್ತಿದ್ದರು. ಬ್ಯಾಟರಿ ಯಾವಾಗಲೋ ಸತ್ತಿತ್ತು. ದೂರದ ಹೊಂಗೆ ಮರದ ಕೆಳಗಿಂದ, ಕಚೇರಿಯ ಸಂದಿಯಲ್ಲಿ ಅದನ್ನು ಕಂಡು, ತಿಪ್ಪೇಸ್ವಾಮಿ ಪೋಂ ಎಂದು ಬಾಯಲ್ಲೇ ಹೊಡೆಯುತ್ತಿದ್ದರು. ಆ ಮನುಷ್ಯನಿಗೆ ಹಾಸ್ಯ ಗೊತ್ತಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲರೂ ಬಂದರು, ಮಂಜುಳ ಬರಲಿಲ್ಲ. ಯಾವ ಊರೆಂದೂ ನಾನು ಕೇಳಿರಲಿಲ್ಲ. ಮರಿಗಳಿಗೆ ಔಷಧಿ ಒಯ್ಯಲು ಕರಿಯಮ್ಮ ಪೇಟೆಗೆ ಬಂದಾಗ, ನನಗೆಂದು ಒಂದು ಕುಡಿಕೆ ಬೆಣ್ಣೆ ತಂದಳು. ಅವಳಿಗೆ ಹುಡುಗಿಯ ವಿಷಯ ಏನೂ ಹೇಳದೆ, ಹೀಗೆ ಹೀಗೆ ಇರುವ ಮಂಜುಳ ಎಂಬವಳು ಕಂಡರೆ ಜೀಪಿನ ಸಂಗತಿಯೊಂದನ್ನು ಮಾತ್ರ ಹೇಳು ಎಂದೆ. ಕುರಿ ಮೇಯಿಸುವವರಿಗೆ ಸುತ್ತ ಹತ್ತೂರಿನ ದಾರಿ ಗೊತ್ತು. ನಾಲ್ಕು ವಾರ ಕಳೆದ ಮೇಲೆ, ಜನ ಕಡಿಮೆ ಇದ್ದ ಒಂದು ಬೆಳಿಗ್ಗೆ, ಜೀಪಿನ ಪಕ್ಕ ಸೆರಗು ಹೊದ್ದ ಹುಡುಗಿ ನಿಂತಿದ್ದಳು.

ನಾನು ಮೊದಲು ಕ್ಷಮೆ ಕೇಳಿದೆ. ಅವಳು ಸೀಟಿನ ತುದಿಯಲ್ಲಿ ಕೂತು, ಇಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿದಳು. ತಹಶೀಲ್ದಾರರು ಎಂದೆ. ಎದ್ದುಬಿಡಲು ಹೋದಳು.

"ಕುಂತ್ಕಳಮ್ಮ" ಎಂದೆ. "ಇವತ್ತು ನೀನೇ ತಹಶೀಲ್ದಾರು. ನಿನಗೇನು ಬೇಕು, ಅದೊಂದೇ ಹೇಳು. ಉಳಿದಿದ್ದು ಹಿಂದೆ ಬರ್ತೈತೆ."

ಫೋನನ್ನು ಎರಡು ಅಂಗೈ ನಡುವೆ ಹಿಡಿದು ಅವಳ ಬಾಯಿಯ ಹತ್ತಿರ ಒಯ್ದೆ. ಅವಳು ಬಹಳ ಹೊತ್ತು ಅದನ್ನು ನೋಡಿದಳು. ವಾಕ್ಯ ಕಟ್ಟಿಕೊಳ್ಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನನಗೆ ಒಂದು ತಿಂಗಳು ಹಿಡಿದದ್ದು ಅವಳಿಗೆ ಆ ಸೀಟಿನಲ್ಲೇ ಬಂತು. ಆಮೇಲೆ ಹೇಳಿದಳು: "ನನ್ನ ಹೆಸರಲ್ಲೇ ಒಂದು ಕಾರ್ಡು ಬೇಕು."

ಅಕ್ಷರಗಳು ಮೂಡಿದವು. ತನ್ನ ಮಾತು ತನ್ನ ಕಣ್ಣೆದುರು ಸಾಲಾಗಿ ನಿಂತದ್ದನ್ನು ನೋಡಿ ಅವಳು ನಕ್ಕಳು. ಗೆಣ್ಣಿನಿಂದ ನಾನು ಚುಕ್ಕಿ ಇಟ್ಟೆ. ಅವತ್ತು ನೋವಾಯಿತೋ ಇಲ್ಲವೋ ನೆನಪಿಲ್ಲ. ಎಲ್ಲ ಮುಗಿದ ಮೇಲೆ, ಜೀಪಿನೊಳಗೆ ನಾವಿಬ್ಬರೇ ಇದ್ದರೂ, ಪಕ್ಕಕ್ಕೆ ವಾಲಿ ಅವಳ ಕಿವಿಯಲ್ಲಿ ಓದಿ ಹೇಳಿದೆ. ಹೌದು ಎಂದಳು. ಹೋಗುವಾಗ ಹಾರ್ನು ಒತ್ತಿದಳು. ಕಾರ್ಡು ಬಂದ ದಿನ ಅದನ್ನು ತೋರಿಸಲು ಮಗುವನ್ನು ಕರೆದುಕೊಂಡು ಬಂದಳು. ಮಗುವಿಗೆ ಕಾರ್ಡಿಗಿಂತ ಕೋಳಿಮರಿಗಳು ಇಷ್ಟವಾದವು.

ಆಮೇಲೆ ಐದು ವರ್ಷ ಆ ಜೀಪಿನಲ್ಲಿ ಕೆಲಸ ಮಾಡಿದೆ. ಬೆರಳಿದ್ದಾಗ ಬರೆದದ್ದಕ್ಕಿಂತ ಒಳ್ಳೆಯ ಅರ್ಜಿಗಳನ್ನು ಬೆರಳಿಲ್ಲದೆ ಬರೆದೆ, ಇದು ಜಂಬವಲ್ಲ. ಮಳೆಗಾಲದಲ್ಲಿ ಟಾರ್ಪಾಲಿನ ಸದ್ದಿಗೆ ಫೋನಿಗೆ ಏನೂ ಕೇಳಿಸುತ್ತಿರಲಿಲ್ಲ. ಆಗ ನಾನು ಹೇಳುವುದು, ತಿಪ್ಪೇಸ್ವಾಮಿ ಜೀಪಿನೊಳಗೆ ಬಂದು ಮಸಿ ಪೆನ್ನಿನಿಂದ ಬರೆಯುವುದು. ಆ ಹೊತ್ತಿಗೆ ನನ್ನ ಸಿಟ್ಟೂ ಇಳಿದಿತ್ತು. ಕೊನೆಗೊಂದು ದಿನ ಹರಾಜಿನ ಆದೇಶ ಬಂತು, ಕ್ರೇನು ಬಂದು ಜೀಪನ್ನು ಎತ್ತಿಕೊಂಡು ಹೋಯಿತು. ನಾನೂ ಸಾಕು ಎಂದು ಮನೆಗೆ ಬಂದೆ. ತಿಪ್ಪೇಸ್ವಾಮಿ ಬೀಳ್ಕೊಡುಗೆ ಅಂತ ಪೋಂ ಎಂದರು.

ಹೋದ ವಾರ ಬಂದಿದ್ದ ಇಬ್ಬರು ಹೊರಡುವಾಗ ಒಂದು ಮಾತು ಹೇಳಿದರು. ಕೂರಲು ಜಾಗವಿಲ್ಲದೆ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತಿದ್ದಾರಂತೆ. ಮರದ ಕೆಳಗೆ ಒಂದು ಕಲ್ಲು ಖಾಲಿ ಇದೆ, ಅದರ ಮೇಲೆ ಒಂದು ಕಪ್ಪು ಛತ್ರಿ ಇದೆ, ಯಾರದು ಎಂದು ಕೇಳಿದರೆ ಪಕ್ಕದ ಯಜಮಾನರು, ಅವರು ಊಟಕ್ಕೆ ಹೋಗಿದ್ದಾರೆ ಅನ್ನುತ್ತಾರಂತೆ. ಎಷ್ಟು ದಿನದಿಂದ ಎಂದು ಕೇಳಿದೆ. ನಾವು ಬಂದಾಗಿನಿಂದ ಅಕ್ಕಾ, ಎಂದಳು ಹುಡುಗಿ. ನಾನು ಕಲ್ಲು ಬಿಟ್ಟು ಜೀಪಿಗೆ ಹೋಗಿ ಏಳು ವರ್ಷ, ಮನೆಗೆ ಬಂದು ಎರಡು ವರ್ಷವಾಯಿತು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಮಕ್ಕಳೇ, ಇದನ್ನು ಓದಿದ ದಿನವೇ ಆ ಕಲ್ಲಿನ ಹತ್ತಿರ ಹೋಗಿ. ಛತ್ರಿಯನ್ನು ಮಡಿಸಿ ತಿಪ್ಪೇಸ್ವಾಮಿಯವರ ಕೈಗೆ ಕೊಡಿ. ಜೈಬಕ್ಕನ ಊಟ ಆಯಿತಂತೆ, ಹೊಟ್ಟೆ ತುಂಬಿದೆಯಂತೆ ಎಂದು ಅವರ ಕಿವಿಯಲ್ಲಿ ಹೇಳಿ. ಹ್ಞೂಂ ಅಂದ ಮೇಲೆ ಕೂತುಕೊಳ್ಳಿ.